ಓದುಗರ ಪ್ರಶ್ನೆ: ಮೊಬೈಲಿನಲ್ಲೇ ಆರಾಧನೆ ಸಿಗುವಾಗ ಪ್ರತಿ ವಾರ ಚರ್ಚಿಗೆ ಏಕೆ ಹೋಗಬೇಕು?

ಪ್ರಶ್ನೆ: ನಾವು ಮೂಲತಃ ಧಾರವಾಡದ ಕಡೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು, ಉದ್ಯೋಗದ ಕಾರಣ ಬೆಂಗಳೂರಿನಲ್ಲಿ ನೆಲೆಸಿದ್ದೇವೆ. 2020ರ ಲಾಕ್‌ಡೌನ್ ಸಮಯದಲ್ಲಿ ಚರ್ಚುಗಳು ಮುಚ್ಚಿದಾಗ ಯೂಟ್ಯೂಬಿನಲ್ಲಿ ಆರಾಧನೆ ನೋಡಲಾರಂಭಿಸಿದೆವು. ಈಗಲೂ ಅದನ್ನೇ ಮುಂದುವರಿಸಿದ್ದೇವೆ. ಕ್ರಿಸ್‌ಮಸ್, ಶುಭ ಶುಕ್ರವಾರ, ಈಸ್ಟರ್ ಮಾತ್ರ ತಪ್ಪಿಸುವುದಿಲ್ಲ. ಮನೆಯಲ್ಲಿದ್ದರೆ ಒಳ್ಳೆಯ ಪ್ರಸಂಗಿಗಳನ್ನು ಆರಿಸಿ ಕೇಳಬಹುದು, ಪ್ರಕಟಣೆಗಳ ಭಾಗವನ್ನು ಓಡಿಸಿಬಿಡಬಹುದು. ಬಾಗಿಲು ಮುಚ್ಚಿಕೊಂಡು ಗುಪ್ತವಾಗಿ ಪ್ರಾರ್ಥಿಸಿರಿ ಎಂದು ಯೇಸುಸ್ವಾಮಿಯೇ ಹೇಳಿಲ್ಲವೆ? ನನ್ನ ತಂದೆಯವರು ಮಾತ್ರ ಫೋನ್ ಮಾಡಿದಾಗಲೆಲ್ಲ "ಚರ್ಚಿಗೆ ಹೋಗಿದ್ದಿ ಏನಪಾ?" ಎಂದು ಕೇಳದೆ ಬಿಡುವುದಿಲ್ಲ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಪ್ರಕಟಣೆಗಳನ್ನು ಓಡಿಸಿಬಿಡುತ್ತೇವೆ ಎಂಬ ಸಾಲನ್ನು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಬೈಬಲ್ ವಾಕ್ಯದ ವಿಷಯ. ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸುವ ಮಾತು ಮತ್ತಾಯನ 6ನೆಯ ಅಧ್ಯಾಯದಲ್ಲಿದೆ. ಬೀದಿಯ ಮೂಲೆಗಳಲ್ಲಿ ಜನರು ನೋಡಲೆಂದೇ ನಿಂತು ಪ್ರಾರ್ಥಿಸುವವರನ್ನು ಕುರಿತು ಎಚ್ಚರಿಸುವಾಗ ಆಡಿದ ಮಾತು ಅದು. ಹಾಗೆ ಹೇಳಿದ ಯೇಸುವೇ ಸಬ್ಬತ್ ದಿನ ತನ್ನ ವಾಡಿಕೆಯ ಪ್ರಕಾರ ಸಭಾಮಂದಿರಕ್ಕೆ ಹೋದನೆಂದು ಲೂಕನು 4ನೆಯ ಅಧ್ಯಾಯದಲ್ಲಿ ಬರೆಯುತ್ತಾನೆ. ಆ ನಜರೇತಿನ ಸಭೆಯೇನೂ ಆದರ್ಶ ಸಭೆಯಾಗಿರಲಿಲ್ಲ. ಅಂದೇ ಅದರ ಸದಸ್ಯರು ಆತನನ್ನು ಊರಾಚೆಗೆ ಅಟ್ಟಿ ಗುಡ್ಡದ ಅಂಚಿನಿಂದ ಕೆಡವಲು ನೋಡಿದರು. ಗುಪ್ತ ಪ್ರಾರ್ಥನೆಯನ್ನೂ ಸಭೆಯ ಆರಾಧನೆಯನ್ನೂ ಆತನು ಒಂದಕ್ಕೊಂದು ಬದಲಿಯೆಂದು ಎಣಿಸಿದ ಸುಳಿವು ಸುವಾರ್ತೆಗಳಲ್ಲಿ ಎಲ್ಲಿಯೂ ಇಲ್ಲ.

ಇನ್ನು ಪ್ರಸಂಗದ ಮಾತು. ಇದರಲ್ಲಿ ನಿಮ್ಮ ಮೊಬೈಲೇ ಗೆಲ್ಲುತ್ತದೆ ಎಂಬುದನ್ನು ಒಪ್ಪಿಬಿಡುವುದು ಪ್ರಾಮಾಣಿಕತೆ. ನಮ್ಮ ಅನೇಕ ಪೀಠಗಳಿಂದ ಬರುವ ಪ್ರಸಂಗ ಸಪ್ಪೆಯಾಗಿರುತ್ತದೆ, ಶನಿವಾರ ರಾತ್ರಿ ಸಿದ್ಧಪಡಿಸಿದ್ದು ಎಂದು ಕೇಳುವವರಿಗೆ ಗೊತ್ತಾಗುತ್ತದೆ. ಆದರೆ ಕೂಡಿಬರುವುದನ್ನು ಬಿಡಬೇಡಿರಿ ಎಂದು ಇಬ್ರಿಯರಿಗೆ ಬರೆದ ಪತ್ರಿಕೆಯ 10ನೆಯ ಅಧ್ಯಾಯ ಹೇಳುವಾಗ ಕೊಡುವ ಕಾರಣದಲ್ಲಿ ಪ್ರಸಂಗಿಯ ಹೆಸರೇ ಬರುವುದಿಲ್ಲ. ಒಬ್ಬರನ್ನೊಬ್ಬರು ಗಮನಿಸಿ, ಪ್ರೀತಿಗೂ ಸತ್ಕಾರ್ಯಕ್ಕೂ ಒಬ್ಬರನ್ನೊಬ್ಬರು ಪ್ರೇರೇಪಿಸಬೇಕು ಎಂಬುದೇ ಅಲ್ಲಿನ ಕಾರಣ. ಬಾರದಿರುವುದು ಕೆಲವರಿಗೆ ಆಗಲೇ ರೂಢಿಯಾಗಿಬಿಟ್ಟಿತ್ತು ಎಂದೂ ಆ ಪತ್ರಿಕೆ ಹೇಳುತ್ತದೆ, ಅಂದರೆ ಯೂಟ್ಯೂಬನ್ನು ಮಾತ್ರ ದೂರಿ ಪ್ರಯೋಜನವಿಲ್ಲ.

ಈಗ ಪ್ರಕಟಣೆಗಳು. ಸಾಮಾನ್ಯ ಭಾನುವಾರವೊಂದರಲ್ಲಿ ಕಾರ್ಯದರ್ಶಿಯವರು ಕನ್ನಡಕ ಸರಿಮಾಡಿಕೊಂಡು ಓದುವ ಆ ಹಾಳೆಯಲ್ಲಿ ಏನಿರುತ್ತದೆ? ಇಂಥವರು ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆಗೆ ದಾಖಲಾಗಿದ್ದಾರೆ, ಪ್ರಾರ್ಥನೆಯಲ್ಲಿ ನೆನಸಿರಿ. ಇಂಥವರ ಮನೆಯಲ್ಲಿ ಬುಧವಾರ ಪ್ರಾರ್ಥನಾ ಕೂಟ. ತಂದೆಯ ಮರಣದ ವರ್ಷಾಬ್ದಿಯ ನೆನಪಿಗೆ ಇಂಥ ಕುಟುಂಬದವರು ಸ್ತೋತ್ರ ಕಾಣಿಕೆ ಕೊಟ್ಟಿದ್ದಾರೆ. ಇಂಥ ವರನಿಗೂ ಇಂಥ ವಧುವಿಗೂ ವಿವಾಹ ನಿಶ್ಚಯವಾಗಿದೆ, ಆಕ್ಷೇಪಣೆ ಇದ್ದವರು ತಿಳಿಸಬೇಕು, ಇದು ಎರಡನೆಯ ಸಲ ಓದುತ್ತಿರುವುದು. ಹೆಸರು ಪರಿಚಯವಿಲ್ಲದವನಿಗೆ ಇದು ಬೇಸರದ ಪಟ್ಟಿಯೇ ಸರಿ. ಹೆಸರು ಪರಿಚಯವಿದ್ದವನಿಗೆ, ಆರಾಧನೆ ಮುಗಿದ ಮೇಲೆ ಯಾರ ಹತ್ತಿರ ಹೋಗಿ ಮಾತನಾಡಿಸಬೇಕು, ಸಂಜೆ ಯಾವ ಆಸ್ಪತ್ರೆಗೆ ಹೋಗಿಬರಬೇಕು ಎಂಬುದು ಅಲ್ಲೇ ಗೊತ್ತಾಗುತ್ತದೆ. ಮನೆಯ ಸೋಫಾದಲ್ಲಿ ಕುಳಿತು ಇದನ್ನು ಓಡಿಸಿಬಿಡುವುದು ಸುಲಭ, ಏಕೆಂದರೆ ಅಲ್ಲಿ ಓದುವ ಹೆಸರುಗಳಿಗೆ ನೀವು ಏನೂ ಆಗಬೇಕಾಗಿಲ್ಲ. ಅಷ್ಟೇ ಅಲ್ಲ, ಮುಂದೊಂದು ದಿನ ನಿಮ್ಮ ಮನೆಯಲ್ಲಿ ಕಾಯಿಲೆ ಬಿದ್ದರೆ ನಿಮ್ಮ ಹೆಸರನ್ನು ಆ ಹಾಳೆಯಲ್ಲಿ ಬರೆಸುವವರೂ ಇರುವುದಿಲ್ಲ. ಹಬ್ಬಕ್ಕೆ ಮಾತ್ರ ಬರುವವರ ಕಷ್ಟವೂ ಇದೇ. ಕ್ರಿಸ್‌ಮಸ್ ದಿನ ಪೆಂಡಾಲಿನವರೆಗೂ ಜನ ತುಂಬಿರುವಾಗ ಯಾರು ಬಂದರು, ಯಾರು ಬಾರಲಿಲ್ಲ ಎಂಬುದು ಯಾರಿಗೂ ತಿಳಿಯುವುದಿಲ್ಲ. ಇಂದು ನೀವು ಬಂದಿಲ್ಲವೆಂದು ಪಕ್ಕದ ಬೆಂಚಿನವರಿಗೆ ತಿಳಿಯುವುದು ಜುಲೈ ತಿಂಗಳ ಮಳೆಯ ಭಾನುವಾರದಲ್ಲಿ, ಅದೂ ನೀವು ಪ್ರತಿ ವಾರ ಬರುವವರಾಗಿದ್ದರೆ ಮಾತ್ರ.

ನಿಮ್ಮ ತಂದೆಯವರ ಪ್ರಶ್ನೆಯನ್ನು ನಾನಾದರೆ ಒತ್ತಾಯವೆಂದು ತಿಳಿಯುವುದಿಲ್ಲ. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದ ಮೇಲೆ ಕ್ರೈಸ್ತರಾದ ಎಷ್ಟೋ ಕುಟುಂಬಗಳು ಬಂಧುಬಳಗವನ್ನೂ ಮನೆ ಜಮೀನನ್ನೂ ಕಳೆದುಕೊಂಡು ಬಂದವು. ಮಿಷನ್ ನೇಯ್ಗೆಯ ಕೆಲಸವನ್ನು, 1865ರ ನಂತರ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯ ಕೆಲಸವನ್ನು ಒದಗಿಸಿತು. ಹೆಣ್ಣು ಕೊಡುವವರು, ಹೆಣ ಹೊರುವವರು, ಬಾಣಂತನಕ್ಕೆ ನಿಲ್ಲುವವರು ಸಭೆಯಿಂದಲೇ ಬರಬೇಕಾಗಿತ್ತು. ಅಂಥ ಸಭೆಗಳಲ್ಲಿ ಬೆಳೆದ ತಲೆಮಾರಿನವರು "ಚರ್ಚಿಗೆ ಹೋಗಿದ್ದಿ ಏನಪಾ?" ಎಂದು ಕೇಳಿದರೆ, ಆ ಊರಿನಲ್ಲಿ ನಿನಗೆ ನಮ್ಮವರು ಎನ್ನುವವರು ಯಾರಾದರೂ ಇದ್ದಾರೆಯೇ ಎಂದೂ ಕೇಳಿದಂತೆಯೇ.

ಅಂಕಿಅಂಶ ಬೇಕೆನ್ನುವವರಿಗೂ ಒಂದು ವಿಷಯವಿದೆ. ಅಮೆರಿಕದಲ್ಲಿ 74,534 ಮಹಿಳೆಯರನ್ನು 16 ವರ್ಷ ಗಮನಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಆರಾಧನೆಗೆ ಹೋಗುತ್ತಿದ್ದವರು ಆ ಅವಧಿಯಲ್ಲಿ ಮರಣ ಹೊಂದುವ ಪ್ರಮಾಣ, ಎಂದೂ ಹೋಗದವರಿಗಿಂತ ಶೇ. 33ರಷ್ಟು ಕಡಿಮೆಯಿತ್ತು. ಜನರ ಬೆಂಬಲ ಸಿಗುವುದು ಇದಕ್ಕೆ ಒಂದು ಕಾರಣವೆಂದು ಸಂಶೋಧಕರು ಗುರುತಿಸಿದ್ದಾರೆ. ಆದರೆ ಆಯುಷ್ಯ ಹೆಚ್ಚುತ್ತದೆಂದು ಚರ್ಚಿಗೆ ಹೋಗುವುದನ್ನು ನಾನು ಶಿಫಾರಸು ಮಾಡಲಾರೆ. ಆ ಉದ್ದೇಶಕ್ಕೆ ಬೆಳಗಿನ ನಡಿಗೆಯೇ ಸಾಕು. ಕ್ರಿ.ಶ. 304ರಲ್ಲಿ, ಈಗಿನ ಟುನೀಶಿಯಾದಲ್ಲಿದ್ದ ಅಬಿತಿನೆ ಎಂಬ ಊರಿನ ಕ್ರೈಸ್ತರು, ಚಕ್ರವರ್ತಿಯ ನಿಷೇಧವಿದ್ದರೂ ಮನೆಯೊಂದರಲ್ಲಿ ಭಾನುವಾರದ ಆರಾಧನೆಗೆ ಸೇರಿ ಸಿಕ್ಕಿಬಿದ್ದರು. ಏಕೆ ಸೇರಿದಿರಿ ಎಂದು ಕೇಳಿದಾಗ, ಕರ್ತನ ದಿನದ ಆರಾಧನೆಯಿಲ್ಲದೆ ನಾವು ಇರಲಾರೆವು ಎಂದು ಉತ್ತರಿಸಿ ಪ್ರಾಣ ಕೊಟ್ಟರು. ಅವರ ಆಯುಷ್ಯ ಚರ್ಚಿಗೆ ಹೋದದ್ದರಿಂದಲೇ ಮುಗಿಯಿತು.

ಹೋಗಲೇಬೇಕೆ ಎಂದು ಕೇಳಿದ್ದೀರಿ. ಕ್ಯಾಥೊಲಿಕ್ ಧರ್ಮಸಭೆಯಲ್ಲಿ ಭಾನುವಾರದ ಬಲಿಪೂಜೆಯಲ್ಲಿ ಪಾಲ್ಗೊಳ್ಳುವುದು ಲಿಖಿತ ನಿಯಮವೇ ಆಗಿದೆ. ಕಾಯಿಲೆ, ಹಸುಗೂಸಿನ ಆರೈಕೆಯಂಥ ಕಾರಣಗಳಿಗೆ ವಿನಾಯಿತಿಯೂ ಇದೆ. ನಮ್ಮಲ್ಲಿ ಆ ಬಗೆಯ ನಿಯಮವಿಲ್ಲದಿರುವುದರಿಂದ ಪ್ರತಿ ಭಾನುವಾರ ಬೆಳಿಗ್ಗೆ ಪ್ರತಿಯೊಬ್ಬನೂ ಹೊಸದಾಗಿ ನಿರ್ಧರಿಸಬೇಕಾಗುತ್ತದೆ, ಹಾಗೆ ನಿರ್ಧರಿಸಲು ಹೊರಟಾಗಲೆಲ್ಲ ಹಾಸಿಗೆಯೇ ಗೆಲ್ಲುತ್ತದೆ. ಒಮ್ಮೆ ಕುಳಿತು ನಿರ್ಧರಿಸಿ, ಮತ್ತೆ ಆ ಚರ್ಚೆಯನ್ನು ಎತ್ತದಿರುವುದೇ ಲೇಸು. ಬೆಂಗಳೂರಿನಲ್ಲಿ ಕನ್ನಡ ಆರಾಧನೆ ನಡೆಯುವ ಸಭೆಗಳಿಗೆ ಕೊರತೆಯಿಲ್ಲ. ದೊಡ್ಡ ಹೆಸರಿನದ್ದನ್ನು ಹುಡುಕದೆ ಮನೆಗೆ ಹತ್ತಿರದ್ದನ್ನು ಆರಿಸಿಕೊಳ್ಳಿ. ಮೊದಲ ಎರಡು ತಿಂಗಳು ಅಪರಿಚಿತರಂತೆ ಕುಳಿತು ಬರುವುದು ಕಷ್ಟವೇ. ಮಗುವನ್ನು ಸಂಡೇ ಸ್ಕೂಲಿಗೆ ಸೇರಿಸಿದರೆ ಪರಿಚಯದ ಕೆಲಸವನ್ನು ಅದೇ ಮಾಡಿಬಿಡುತ್ತದೆ.

ಪ್ರಶ್ನೆ: ನಮ್ಮ ಸಭೆಯಲ್ಲಿ ಕಮಿಟಿ ಚುನಾವಣೆಯ ಜಗಳ ಕೋರ್ಟಿನವರೆಗೆ ಹೋಗಿದೆ. ಇಂಥವರ ನಡುವೆ ಕುಳಿತು ಆರಾಧಿಸಿ ಏನು ಲಾಭ?
– ಹೆಸರು ಬೇಡವೆಂದವರು, ಶಿವಮೊಗ್ಗ

ಉತ್ತರ: ನೀವು ಕೂಡಿಬರುವುದರಿಂದ ಒಳ್ಳೆಯದಕ್ಕಿಂತ ಕೆಟ್ಟದ್ದೇ ಹೆಚ್ಚಾಗುತ್ತಿದೆ ಎಂದು ಪೌಲನೇ ಕೊರಿಂಥದ ಸಭೆಗೆ ಬರೆದಿದ್ದಾನೆ. ಅಲ್ಲಿ ಉಳ್ಳವರು ಮೊದಲೇ ಉಂಡು ಕುಡಿದು ಮತ್ತರಾಗುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ಅಷ್ಟು ಖಾರವಾಗಿ ಬೈದವನು ಕೂಡಿಬರುವುದನ್ನು ನಿಲ್ಲಿಸಿರೆಂದು ಹೇಳದೆ, ಒಬ್ಬರಿಗಾಗಿ ಒಬ್ಬರು ಕಾದಿರಿ ಎಂದು ತಿದ್ದಿದನು.

ನಿಮ್ಮಂಥ ಜಗಳವಾಡದ ಜನ ಬೇಸತ್ತು ಮನೆಯಲ್ಲಿ ಉಳಿದರೆ, ಬೆಂಚುಗಳಲ್ಲಿ ಎರಡು ಪಂಗಡಗಳು ಮಾತ್ರ ಉಳಿಯುತ್ತವೆ. ಮತದಾರರ ಪಟ್ಟಿಯಲ್ಲಿ ಹೆಸರಿರಲೆಂದು ಚುನಾವಣೆಯ ವರ್ಷ ಬಾಕಿ ಚಂದಾ ಕಟ್ಟಿ ಬರುವವರ ಕೈಗೆ ಸಭೆಯನ್ನು ಒಪ್ಪಿಸಿಕೊಡುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಆದರೂ ಮನಸ್ಸು ಒಪ್ಪದಿದ್ದರೆ ಸದಸ್ಯತ್ವದ ವರ್ಗಾವಣೆ ಪತ್ರ ಪಡೆದು ಬೇರೆ ಸಭೆಗೆ ಸೇರಿಕೊಳ್ಳಿ, ಅದರಲ್ಲಿ ತಪ್ಪಿಲ್ಲ. ಹೆಂಗಸರಿಗೆ ಅಥವಾ ಮಕ್ಕಳಿಗೆ ಕಿರುಕುಳವಾಗುವಂಥ ಕಡೆ ಮಾತ್ರ ತಾಳ್ಮೆಯ ಉಪದೇಶ ನಡೆಯದು. ಅಲ್ಲಿಂದ ಹೊರಬಂದು ಪೊಲೀಸರಿಗೆ ದೂರು ಕೊಡುವುದೇ ಸರಿ.

ಪ್ರಶ್ನೆ: ನನ್ನ ತಾಯಿಗೆ ಮಂಡಿನೋವು, ಚರ್ಚಿನ ಮೆಟ್ಟಿಲು ಹತ್ತಲಾರರು. ಭಾನುವಾರ ಬಂದರೆ ಪಾಪ ಮಾಡಿದವರಂತೆ ಕೊರಗುತ್ತಾರೆ. ಟಿ.ವಿ.ಯಲ್ಲಿ ಆರಾಧನೆ ನೋಡಿದರೆ ಸಾಲದೆ?
– ಓದುಗರೊಬ್ಬರು, ಹಾಸನ

ಉತ್ತರ: ನೋಡಲಿ, ಅಮ್ಮನವರಿಗೆ ಯಾವ ದೋಷವೂ ಇಲ್ಲ. ಸುಮಾರು 155ರಲ್ಲಿ ರೋಮಿನಲ್ಲಿ ಬರೆದ ಜಸ್ಟಿನ್ ಎಂಬ ರಕ್ತಸಾಕ್ಷಿ ಆಗಿನ ಭಾನುವಾರದ ಆರಾಧನೆಯನ್ನು ವಿವರಿಸುತ್ತಾ, ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಹಂಚಿದ ಮೇಲೆ ಬಾರದವರ ಪಾಲನ್ನು ಸಭಾಸೇವಕರು ಅವರಿದ್ದಲ್ಲಿಗೆ ಒಯ್ಯುತ್ತಿದ್ದರೆಂದು ಹೇಳುತ್ತಾನೆ. ಆದ್ದರಿಂದ ಟಿ.ವಿ. ಹಾಕಿಕೊಟ್ಟು ಅಲ್ಲಿಗೇ ಬಿಡಬೇಡಿ. ತಾಯಿಯವರು ಮನೆಯಲ್ಲೇ ಇದ್ದಾರೆಂದು ಸಭಾಪಾಲಕರಿಗೆ ತಿಳಿಸಿ, ತಿಂಗಳಿಗೊಮ್ಮೆ ಮನೆಗೆ ಬಂದು ಕರ್ತನ ಭೋಜನ ಕೊಡುವಂತೆ ಕೇಳಿಕೊಳ್ಳಿ. ಸ್ತ್ರೀ ಸಂಘದವರಿಗೂ ಹೇಳಿದರೆ ಅವರ ಕೂಟವನ್ನು ಆಗಾಗ ನಿಮ್ಮ ಮನೆಯಲ್ಲೇ ಇಟ್ಟುಕೊಂಡಾರು. ಮೆಟ್ಟಿಲ ಪಕ್ಕ ಇಳಿಜಾರು ಮತ್ತು ಹಿಡಿಕೆ ಕಟ್ಟಿಸಬೇಕೆಂದು ಕಮಿಟಿಗೆ ಒಂದು ಅರ್ಜಿಯನ್ನೂ ಕೊಡಿ. ಆ ಮೆಟ್ಟಿಲು ಹತ್ತಲಾಗದೆ ಮನೆಯಲ್ಲಿ ಉಳಿದವರು ನಿಮ್ಮ ತಾಯಿಯೊಬ್ಬರೇ ಆಗಿರಲಾರರು.