ಹಣದ ಕೇಸು, ಹೊಡೆದಾಟದ ಕೇಸು: ಒಟ್ಟಿಗೋ, ಬೇರೆ ಬೇರೆಯೋ?

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕು. ನನ್ನ ತಮ್ಮ ದಾವಣಗೆರೆ ಎಪಿಎಂಸಿಯ ಒಂದು ಮಂಡಿಯಲ್ಲಿ ಗುಮಾಸ್ತನಾಗಿದ್ದ. ಮೆಕ್ಕೆಜೋಳ ಮಾರಿದ ಆರು ರೈತರಿಗೆ ಕೊಡಲೆಂದು ಮಾಲೀಕರು ಕೊಟ್ಟ ಹಣವನ್ನು 2024ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ತಾನೇ ಇಟ್ಟುಕೊಂಡ, ವೋಚರಿಗೆ ಸುಳ್ಳು ಸಹಿ ಹಾಕಿ ಲೆಕ್ಕ ತಿದ್ದಿದ ಅಂತ ಆರೋಪ. 2025ರ ಜನವರಿಯಲ್ಲಿ ಲಾರಿ ನಿಲ್ಲಿಸುವ ವಿಷಯಕ್ಕೆ ಒಬ್ಬ ಹಮಾಲರ ಜೊತೆ ಹೊಡೆದಾಟವೂ ಆಯಿತು. ಅವರು ದೂರು ಕೊಟ್ಟಿದ್ದಾರೆ, ತಮ್ಮನೂ ಕೊಟ್ಟಿದ್ದಾನೆ. ಎಲ್ಲ ಒಟ್ಟಿಗೆ ನಡೆದರೆ ಓಡಾಟ ತಪ್ಪುತ್ತೆ ಅಂತಾರೆ ಮನೆಯವರು. ಯಾವುದು ಒಳ್ಳೆಯದು?

ಉತ್ತರ: ಹಣದ ಆರೋಪಗಳೆಲ್ಲ ಒಂದೇ ಕೇಸಿನಲ್ಲಿ ನಡೆಯಲಿ. ಹೊಡೆದಾಟವನ್ನು ಅದರ ಜೊತೆ ಸೇರಿಸಲು ಮಾತ್ರ ಒಪ್ಪಬೇಡಿ.

ಒಂದೊಂದು ಅಪರಾಧಕ್ಕೂ ಬೇರೆ ಆರೋಪ, ಬೇರೆ ವಿಚಾರಣೆ ಅನ್ನುವುದೇ ಮೂಲ ನಿಯಮ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅನ್ನುವ ಕಾನೂನು) 241ನೇ ಕಲಂ ಇದನ್ನು ಹೇಳುತ್ತದೆ. ಮುಂದಿನ ಕಲಂಗಳಲ್ಲಿ ವಿನಾಯಿತಿಗಳಿವೆ. ಹನ್ನೆರಡು ತಿಂಗಳೊಳಗೆ ನಡೆದ ಒಂದೇ ಬಗೆಯ ಐದು ಅಪರಾಧಗಳವರೆಗೆ ಒಟ್ಟಿಗೆ ವಿಚಾರಣೆ ಮಾಡಬಹುದು. ಹಳೇ ಕಾನೂನಿನಲ್ಲಿ ಇದು ಮೂರೇ ಇತ್ತು.

ನಿಮ್ಮ ಕೇಸಿನಲ್ಲಿ ರೈತರು ಆರು ಜನ ಅಲ್ವಾ? ಅದಕ್ಕೆ ಗಾಬರಿ ಬೇಡ. ನಂಬಿ ಕೊಟ್ಟ ಹಣ ದುರುಪಯೋಗವಾದಾಗ ಒಂದೊಂದು ಮೊತ್ತವನ್ನೂ ಬಿಡಿಯಾಗಿ ಹೇಳಬೇಕಿಲ್ಲ. ಮೊದಲ ಮತ್ತು ಕೊನೆಯ ತಾರೀಖಿನ ನಡುವೆ ಒಂದು ವರ್ಷ ದಾಟಿರದಿದ್ದರೆ, ಒಟ್ಟು ಮೊತ್ತ ಹೇಳಿ ಒಂದೇ ಆರೋಪ ಮಾಡಬಹುದು ಅಂತ 235ನೇ ಕಲಂ ಹೇಳುತ್ತದೆ. ಇಲ್ಲಿ ಹಣ ಮಾಲೀಕರದು, ಕಾಲ ಮೂರೇ ತಿಂಗಳು. ಅದನ್ನು ಮುಚ್ಚಿಡಲು ಲೆಕ್ಕ ತಿದ್ದಿದ ಆರೋಪವನ್ನೂ ಅದೇ ವಿಚಾರಣೆಗೆ ಸೇರಿಸಲು 243ನೇ ಕಲಂನಲ್ಲಿ ಅವಕಾಶವಿದೆ. ಸುಳ್ಳು ಸಹಿಯೂ ಅದೇ ವ್ಯವಹಾರದ, ಅಂದರೆ ಒಂದಕ್ಕೊಂದು ಹೊಂದಿಕೊಂಡ ಕೆಲಸಗಳ ಸರಣಿಯ, ಭಾಗ ಅಂತ ಹೇಳಿ ಅದನ್ನೂ ಸೇರಿಸಲು ಕೇಳಬಹುದು.

ಒಟ್ಟಿಗೆ ಇರಲಿ ಅಂತ ನಾನು ಒತ್ತಿ ಹೇಳುವುದು ಓಡಾಟಕ್ಕಿಂತ ಜಾಸ್ತಿ ಶಿಕ್ಷೆಯ ಲೆಕ್ಕಕ್ಕೆ. ಇದನ್ನು ಹೆಚ್ಚಿನವರು ತೀರ್ಪು ಬಂದ ಮೇಲೇ ಯೋಚಿಸುತ್ತಾರೆ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಒಂದು ಅಪರಾಧಕ್ಕೆ 3 ವರ್ಷಕ್ಕಿಂತ ಜಾಸ್ತಿ ಜೈಲು ವಿಧಿಸುವಂತಿಲ್ಲ. ಒಂದೇ ವಿಚಾರಣೆಯಲ್ಲಿ ಹಲವು ಆರೋಪ ಸಾಬೀತಾಗಿ, ಶಿಕ್ಷೆಗಳನ್ನು ಒಂದಾದ ಮೇಲೆ ಒಂದು ಅನುಭವಿಸಬೇಕು ಅಂತ ಅವರು ಹೇಳಿದರೂ ಒಟ್ಟು 6 ವರ್ಷ ದಾಟುವಂತಿಲ್ಲ. ಆರು ಬೇರೆ ಕೇಸಾದರೆ ಆ ಮಿತಿಯ ರಕ್ಷಣೆ ಸಿಗದು. ಒಂದು ಕೇಸಿನ ಶಿಕ್ಷೆ ಅನುಭವಿಸುತ್ತಿರುವಾಗ ಇನ್ನೊಂದರಲ್ಲಿ ಶಿಕ್ಷೆಯಾದರೆ, ಎರಡನೆಯದು ಮೊದಲನೆಯದು ಮುಗಿದ ಮೇಲೆ ಶುರುವಾಗುತ್ತದೆ. ಎರಡೂ ಜೊತೆಗೇ ನಡೆಯಲಿ ಅಂತ ನ್ಯಾಯಾಧೀಶರೇ ಆದೇಶ ಮಾಡಿದರೆ ಮಾತ್ರ ಬೇರೆ ಮಾತು.

ಇನ್ನು ಹೊಡೆದಾಟ. ಅದೇ ಯಾರ್ಡು ಅನ್ನುವುದು ಬಿಟ್ಟರೆ ಹಣಕ್ಕೂ ಅದಕ್ಕೂ ಸಂಬಂಧವಿಲ್ಲ. ಕಾಲ, ಜಾಗ, ಉದ್ದೇಶ, ಒಂದರಿಂದ ಇನ್ನೊಂದು ಮುಂದುವರಿದಿದೆಯೇ ಅನ್ನುವುದು, ಇವನ್ನೆಲ್ಲ ನೋಡಿ ಕೋರ್ಟು ಒಂದೇ ವ್ಯವಹಾರವೋ ಅಲ್ಲವೋ ತೀರ್ಮಾನಿಸುತ್ತದೆ. ಆರೋಪಿಯೇ ಬರವಣಿಗೆಯಲ್ಲಿ ಕೇಳಿ, ಅವನಿಗೆ ತೊಂದರೆಯಾಗದು ಅಂತ ಮ್ಯಾಜಿಸ್ಟ್ರೇಟರಿಗೆ ಅನಿಸಿದರೆ ಸಂಬಂಧವಿಲ್ಲದ ಆರೋಪಗಳನ್ನೂ ಸೇರಿಸಬಹುದು. ನಿಮ್ಮ ತಮ್ಮ ಹಾಗೆ ಬರೆದುಕೊಡುವುದು ಬೇಡ. ರೈತರ ಹಣ ತಿಂದವನು ಅಂತ ಸಾಲಾಗಿ ಸಾಕ್ಷಿ ಬಂದ ಮೇಲೆ, ಲಾರಿ ಹತ್ತಿರ ಮೊದಲು ಕೈ ಎತ್ತಿದ್ದು ಯಾರು ಅನ್ನುವ ಪ್ರಶ್ನೆ ತನ್ನಷ್ಟಕ್ಕೆ ನಿಲ್ಲುವುದು ಕಷ್ಟ. ಬಸ್ಸು ಹತ್ತುವುದು ನಾಲ್ಕು ಸಲ ಜಾಸ್ತಿಯಾದರೂ ಪರವಾಗಿಲ್ಲ.

ಹಮಾಲರ ದೂರು ಮತ್ತು ತಮ್ಮನ ದೂರು ಎದುರು ಕೇಸುಗಳು, ಅಂದರೆ ಒಂದೇ ಘಟನೆಗೆ ಎರಡು ಕಡೆಯವರೂ ಹಾಕಿದವು. ಎರಡರಲ್ಲೂ ಚಾರ್ಜ್‌ಶೀಟ್ ಆದರೆ ಒಬ್ಬರೇ ನ್ಯಾಯಾಧೀಶರು ಒಂದಾದ ಮೇಲೆ ಒಂದು ಕೇಳಬೇಕು, ಒಂದರ ಸಾಕ್ಷ್ಯವನ್ನು ಇನ್ನೊಂದಕ್ಕೆ ಬಳಸಬಾರದು, ತೀರ್ಪು ಮಾತ್ರ ಬೇರೆ ಬೇರೆ ಬರೆಯಬೇಕು ಅಂತ ಸುಪ್ರೀಂ ಕೋರ್ಟ್ ನಾಥಿ ಲಾಲ್ ಪ್ರಕರಣದಲ್ಲಿ ಹೇಳಿದೆ. ಅವು ಬೇರೆ ಬೇರೆ ಕೋರ್ಟಿನಲ್ಲಿದ್ದರೆ ಒಂದೇ ಕಡೆ ತರಿಸಲು ವಕೀಲರು ಅರ್ಜಿ ಹಾಕಲಿ.

ಇದನ್ನೆಲ್ಲ ಎತ್ತಬೇಕಾದ್ದು ಆರೋಪ ನಿಗದಿಯಾಗುವ ವಾಯಿದೆಯಲ್ಲೇ. ಒಟ್ಟಿಗೆ ನಡೆಸಬಹುದಿತ್ತು ಅನ್ನುವ ಒಂದೇ ಕಾರಣಕ್ಕೆ ಮೇಲಿನ ಕೋರ್ಟು ತೀರ್ಪು ರದ್ದು ಮಾಡುವುದಿಲ್ಲ. ಅದರಿಂದ ಅನ್ಯಾಯವಾಯಿತು ಅಂತ ನೀವೇ ತೋರಿಸಬೇಕಾಗುತ್ತದೆ. ಮುಂದಿನ ವಾಯಿದೆಗೆ ಮುಂಚೆ ಎಲ್ಲ ಚಾರ್ಜ್‌ಶೀಟುಗಳ ನಕಲು ಹಿಡಿದು ವಕೀಲರ ಮುಂದೆ ಒಂದು ಗಂಟೆ ಕೂತುಕೊಳ್ಳಿ.