ಮಗಳ ಫೋನಿನಲ್ಲಿ ಗೆಳತಿಯ ಹೆಸರಿನ ಫೇಕ್ ಅಕೌಂಟ್

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿ. ಅವಳ ಕ್ಲಾಸಿನ ಹುಡುಗಿಯೊಬ್ಬಳ ಹೆಸರಲ್ಲಿ ಯಾರೋ ಇನ್‌ಸ್ಟಾಗ್ರಾಂನಲ್ಲಿ ಫೇಕ್ ಅಕೌಂಟ್ ತೆರೆದು, ಅವಳ ಹಲ್ಲು, ಮೈಬಣ್ಣ ಆಡಿಕೊಂಡು ಫೋಟೊ ಹಾಕುತ್ತಿದ್ದಾರೆಂದು ಸ್ಕೂಲಿನಲ್ಲಿ ಗಲಾಟೆಯಾಗಿತ್ತು. ಆ ಹುಡುಗಿ ಈಗ ಶಾಲೆಗೇ ಬರುತ್ತಿಲ್ಲ. ಮೊನ್ನೆ ಮಗಳ ಫೋನ್ ನೋಡಿದೆ, ಅದನ್ನು ನಡೆಸುತ್ತಿರುವುದು ಇವಳೇ. ಏಳನೇ ಕ್ಲಾಸಿನವರೆಗೆ ಇಬ್ಬರೂ ಜೀವದ ಗೆಳತಿಯರು. ಆಮೇಲೆ ಆ ಹುಡುಗಿ ತನ್ನ ಬರ್ತ್‌ಡೇಗೆ ಇವಳೊಬ್ಬಳನ್ನು ಬಿಟ್ಟು ಎಲ್ಲರನ್ನೂ ಕರೆದಿದ್ದಳು. ಯಜಮಾನರಿಗೆ ಹೇಳಿದರೆ ಇವಳನ್ನು ಹೊಡೆಯುತ್ತಾರೆ, ಸ್ಕೂಲಿಗೆ ಹೇಳಿದರೆ ಪರೀಕ್ಷೆ ಹೊತ್ತಿನಲ್ಲಿ ಇವಳ ಭವಿಷ್ಯ ಹಾಳು. ಸದ್ದಿಲ್ಲದೆ ಡಿಲೀಟ್ ಮಾಡಿಸಿ ಸುಮ್ಮನಾಗಲೇ? ನನ್ನ ಮಗು ಇಷ್ಟು ಕೆಟ್ಟದ್ದು ಹೇಗಾಯಿತು?
– ಹೆಸರು ಬೇಡ, ಹಾಸನ

ಉತ್ತರ: ತಾಯಿ, ನಿಮ್ಮ ಪತ್ರ ಓದುವಾಗ ನನ್ನ ಮನಸ್ಸು ಮೊದಲು ಹೋದದ್ದು ಶಾಲೆ ಬಿಟ್ಟು ಮನೆಯಲ್ಲಿ ಕೂತ ಆ ಹುಡುಗಿಯ ಕಡೆಗೆ. ಅದಕ್ಕೇ ಹೇಳುತ್ತೇನೆ, ಸುಮ್ಮನಾಗಬೇಡಿ. ಅಕೌಂಟ್ ಹೋದರೂ ಮಾಡಿದ್ದು ಯಾರೆಂದು ಅವಳಿಗೆ ಗೊತ್ತಾಗುವುದಿಲ್ಲ. ಕ್ಲಾಸಿನ ಪ್ರತಿಯೊಬ್ಬರನ್ನೂ ಅನುಮಾನದಿಂದ ನೋಡುತ್ತಲೇ ಅವಳು ಪರೀಕ್ಷೆ ಬರೆಯಬೇಕಾಗುತ್ತದೆ. ಅವಳಿಗೂ ಇದು ಎಸ್ಸೆಸ್ಸೆಲ್ಸಿಯೇ ಅಲ್ಲವೇ?

ಮಗು ಕೆಟ್ಟದ್ದಾಯಿತು ಅನ್ನುತ್ತೀರಿ. ಮಾಡಿದ ಕೆಲಸ ಕೆಟ್ಟದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬರ್ತ್‌ಡೇ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿದ್ದು ಅದೇ. ಆ ವಯಸ್ಸಿನಲ್ಲಿ ಗೆಳೆಯರ ಗುಂಪಿನಿಂದ ಹೊರಬೀಳುವುದು ಸಣ್ಣ ನೋವಲ್ಲ. ಹೀಗೆ ಕಾಡುವ ಮಕ್ಕಳಲ್ಲಿ ಎಷ್ಟೋ ಜನ ಹಿಂದೆ ತಾವೂ ಅವಮಾನ ತಿಂದವರು. ಅಂದು ಅವಳ ನೋವನ್ನು ಯಾರಾದರೂ ಕೂತು ಕೇಳಿದ್ದರೇ? ಕೇಳದೇ ಉಳಿದ ನೋವು ಸಿಟ್ಟಾಗಿ ತಿರುಗುತ್ತದೆ.

ಆ ಸಿಟ್ಟಿಗೆ ಫೋನು ದಾರಿ ಮಾಡಿಕೊಟ್ಟಿತು. ಎದುರಿಗೆ ನಿಂತು ‘ನಿನ್ನ ಹಲ್ಲು ಹೀಗಿದೆ’ ಅಂದಿದ್ದರೆ ಗೆಳತಿಯ ಕಣ್ಣು ತುಂಬುವುದು ಕಾಣುತ್ತಿತ್ತು, ಬಹುಶಃ ಇವಳ ಬಾಯಿ ಅಲ್ಲೇ ಕಟ್ಟುತ್ತಿತ್ತು. ಪರದೆಯ ಹಿಂದೆ ಆ ಕಡಿವಾಣವಿಲ್ಲ. ಹೆಸರು ಮರೆಯಲ್ಲಿದ್ದಾಗ, ಎದುರಿನವರ ಮುಖ ಕಾಣದಿದ್ದಾಗ ಮನುಷ್ಯನ ಸಂಕೋಚ ಸಡಿಲವಾಗುತ್ತದೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಸೂಲರ್ 2004ರಲ್ಲೇ ಬರೆದಿದ್ದರು. ಮೇಲಾಗಿ ಲೈಕು, ನಗುವ ಎಮೋಜಿ. ಗುಂಪಿನಿಂದ ಹೊರಬಿದ್ದವಳಿಗೆ ಇಡೀ ಕ್ಲಾಸು ತನ್ನ ಪೋಸ್ಟಿಗೆ ನಗುವುದು ಅಂದರೆ ಗುಂಪಿಗೆ ವಾಪಸ್ ಸೇರಿದ ಹಾಗೆ. ಜೊತೆಯವರು ನೋಡುತ್ತಿದ್ದಾರೆ ಅಂದರೆ ಹದಿಹರೆಯದವರು ಒಂಟಿಯಾಗಿದ್ದಾಗ ಮಾಡದ ದುಡುಕನ್ನೂ ಮಾಡುತ್ತಾರೆ. ಲೈಕ್ ಒತ್ತಿದ ಮಕ್ಕಳಿಗೂ ಇದರಲ್ಲಿ ಪಾಲಿದೆ.

ಕೇಳಿದರೆ ‘ಸುಮ್ಮನೆ ತಮಾಷೆಗೆ’, ‘ಅವಳೇ ಮೊದಲು ಮಾಡಿದ್ದು’ ಅನ್ನುತ್ತಾಳೆ. ಮನಸ್ಸು ತನ್ನ ತಪ್ಪನ್ನು ಹಗುರ ಮಾಡಿಕೊಳ್ಳುವ ದಾರಿಗಳಿವು. ಕೂಗಾಡಬೇಡಿ, ಹಾಗಂತ ಒಪ್ಪಲೂ ಬೇಡಿ. ಒಂದೊಂದು ಪೋಸ್ಟನ್ನೂ ಅವಳ ಬಾಯಲ್ಲೇ ಗಟ್ಟಿಯಾಗಿ ಓದಿಸಿ. ಆ ಬರ್ತ್‌ಡೇ ದಿನ ನಿನಗೆ ಹೇಗಾಗಿತ್ತು ಅಂತ ಆಮೇಲೆ ಕೇಳಿ. ಅತ್ತರೆ ಅಳಲಿ.

ಅಕೌಂಟ್ ತೆಗೆಸಲೇಬೇಕು, ಒಂದು ದಿನವೂ ತಡ ಬೇಡ. ಆದರೆ ಮೊದಲು ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ, ಆ ಮನೆಯವರು ಕೇಳಿದರೆ ಮುಚ್ಚಿಡದೆ ಕೊಡಿ. ಬೇರೆಯವರ ಹೆಸರಿನಲ್ಲಿ ನಕಲಿ ಖಾತೆ ನಡೆಸಿದರೆ ಐಟಿ ಕಾಯ್ದೆಯಡಿ ಕೇಸಾಗಬಹುದು. ಹದಿನೆಂಟು ತುಂಬದವರ ಪ್ರಕರಣ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ, ಮಕ್ಕಳನ್ನು ತಿದ್ದುವುದು ಅದರ ಉದ್ದೇಶ. ಆ ಭಯದಿಂದ ಬಚ್ಚಿಟ್ಟು, ನಾಳೆ ಬೇರೆಯವರಿಂದ ಗೊತ್ತಾದರೆ ನಿಮ್ಮ ಮಾತನ್ನು ಯಾರೂ ನಂಬುವುದಿಲ್ಲ.

ಯಜಮಾನರಿಗೆ ಹೇಳಲೇಬೇಕು. ಮಗಳು ಮನೆಯಲ್ಲಿಲ್ಲದ ಹೊತ್ತು ನೋಡಿ, ಅವರು ಯಾರ ಮಾತು ಕೇಳುತ್ತಾರೋ ಅಂಥ ಹಿರಿಯರೊಬ್ಬರನ್ನು ಕೂರಿಸಿಕೊಂಡು ಹೇಳಿ. ಹೊಡೆದರೆ ಅವಳು ಕಲಿಯುವುದು ಬಲ ಇದ್ದವರು ಇಲ್ಲದವರನ್ನು ನೋಯಿಸಬಹುದು ಅಂತ ಮಾತ್ರ. ಅವಳು ಈಗಾಗಲೇ ಮಾಡಿರುವುದೂ ಅದನ್ನೇ.

ಆಮೇಲೆ ಆ ಹುಡುಗಿಯ ಅಪ್ಪ ಅಮ್ಮನಿಗೆ ಫೋನ್ ಮಾಡಿ, ಬರಬಹುದೇ ಎಂದು ಕೇಳಿ. ಮಗಳ ಮುಖ ನೋಡಲು ಆ ಹುಡುಗಿಗೆ ಇಷ್ಟವಿಲ್ಲದಿದ್ದರೆ ಬಲವಂತ ಬೇಡ, ನೀವಿಬ್ಬರೇ ಹೋಗಿಬನ್ನಿ. ಬೈದರೆ ಬೈಸಿಕೊಳ್ಳಿ. ಕ್ಷಮಿಸುವುದು ಬಿಡುವುದು ಅವರಿಗೆ ಸೇರಿದ್ದು. ಸ್ಕೂಲಿನ ಹೆಡ್‌ಮಾಸ್ಟರಿಗೂ ನೀವೇ ಮೊದಲು ತಿಳಿಸಿ. ಆ ಮಗು ಧೈರ್ಯವಾಗಿ ಕ್ಲಾಸಿಗೆ ಬರುವಂತಾಗಲು ಏನು ಮಾಡಬೇಕೆಂದು ಕೇಳಿ. ನಡೆಸುತ್ತಿದ್ದವಳು ತಾನೇ ಎಂದು ಮಗಳು ಕ್ಲಾಸಿನ ಗುಂಪಿನಲ್ಲಿ ಬರೆಯುವುದು ಬೇಡ. ಹಾಗೆ ಮಾಡಿದರೆ ಅದೇ ಮಕ್ಕಳು ನಾಳೆ ಇವಳನ್ನು ಆಡಿಕೊಳ್ಳುತ್ತಾರೆ.

ಇನ್ನು ಕೆಲವು ವಾರ ಇವಳ ಮೇಲೂ ಕಣ್ಣಿಡಿ. ಸಿಕ್ಕಿಬಿದ್ದ ನಾಚಿಕೆಯೂ ಮಕ್ಕಳನ್ನು ದುಡುಕಿಸುತ್ತದೆ. ರಾತ್ರಿ ಜೊತೆಯಲ್ಲೇ ಮಲಗಿಸಿಕೊಳ್ಳಿ. ಇಬ್ಬರು ಹುಡುಗಿಯರಲ್ಲಿ ಯಾರೇ ಊಟ ನಿದ್ದೆ ಬಿಟ್ಟರೆ, ಸಾಯುವ ಮಾತಾಡಿದರೆ ಕಾಯಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಬೆಂಗಳೂರಿಗೆ ಹೋಗಿಬರುವುದಾದರೆ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮೊಬೈಲ್, ಇಂಟರ್ನೆಟ್ ಬಳಕೆಯ ತೊಂದರೆಗಳನ್ನೇ ನೋಡುವ ‘ಶಟ್’ ಕ್ಲಿನಿಕ್ ಇದೆ.