ಅನ್ನ ಕಮ್ಮಿ ಮಾಡಿ, ನೆಕ್ಸ್ಟ್!

ಓದುಗರ ಪತ್ರ: ನನಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಈಚೆಗೆ ತೂಕ, ಬಿಪಿ ಎರಡೂ ಏರಿವೆ. ಪ್ರತಿ ಸಲ ಡಾಕ್ಟರು ರಿಪೋರ್ಟ್ ನೋಡಿ, ಒಂದು ಮಾತ್ರೆ ಸೇರಿಸಿ, 'ಅನ್ನ ಕಮ್ಮಿ ಮಾಡಿ, ವಾಕಿಂಗ್ ಮಾಡಿ' ಎಂದು ಬೆಲ್ ಒತ್ತುತ್ತಾರೆ. ಅನ್ನ ಬಿಟ್ಟು ಎರಡು ಮುದ್ದೆ ಉಣ್ಣುತ್ತಿದ್ದೇನೆ, ಸಕ್ಕರೆ ಇಳಿದಿಲ್ಲ. ಏನು ತಿನ್ನಲಿ ಎಂದು ಕೇಳಿದರೆ ಒಂದು ಹಾಳೆ ಕೊಟ್ಟರು. ಅದರಲ್ಲಿ ಕಾರ್ನ್‌ಫ್ಲೇಕ್ಸ್, ಬ್ರೌನ್ ಬ್ರೆಡ್ ಅಂತಿದೆ. ಊಟಕ್ಕೂ ಕಾಯಿಲೆಗೂ ಇರುವ ನಂಟು ಇವರಿಗೆ ನಿಜವಾಗಿ ಗೊತ್ತಾ? ಯೂಟ್ಯೂಬಿನಲ್ಲಿ ಹೇಳುವ ಹಾಗೆ ಮಾತ್ರೆ ಬಿಟ್ಟುಬಿಡೋಣ ಅನ್ನಿಸಿದೆ. ಅಂದ ಹಾಗೆ, ನಿಮ್ಮ ಪತ್ರಿಕೆಯ ಅಡುಗೆ ಪುಟವೂ ಏನು ಕಮ್ಮಿಯಿಲ್ಲ.
– ನಿವೃತ್ತ ಶಿಕ್ಷಕಿ, ತಿಪಟೂರು

ಸಂಪಾದಕರ ಉತ್ತರ:

ಮೇಡಂ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಗಟ್ಟಿಯಾಗಿ, ಆಫೀಸಿನವರಿಗೆಲ್ಲ ಕೇಳುವ ಹಾಗೆ.

ಮೊದಲು ಡಾಕ್ಟರ ಪರವಾಗಿ ಒಂದು ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ಬೆಳಗ್ಗೆಯಿಂದ ಚೀಟಿ ಹಿಡಿದು ನಿಂತ ಸಾಲನ್ನು ನೋಡಿದವರು ಯಾರೂ 'ಅರ್ಧ ಗಂಟೆ ಕೂತು ಊಟದ ಬಗ್ಗೆ ಮಾತಾಡಿ' ಅನ್ನಲಾರರು. ಆಯ್ತು, ಅವರ ಪರ ನನ್ನ ವಕಾಲತ್ತು ಇಷ್ಟೇ.

ನನ್ನ ಹಳೇ ಗೆಳೆಯನೊಬ್ಬ ಡಾಕ್ಟರು. ನಿಮ್ಮ ಪ್ರಶ್ನೆಯನ್ನು ಹಾಗೇ ಅವನ ಮುಂದಿಟ್ಟೆ. ಸಂಜೆ ನಾಲ್ಕು ಗಂಟೆ. ಕ್ಲಿನಿಕ್ಕಿನ ಹಿಂದಿನ ರೂಮಿನಲ್ಲಿ ಡಬ್ಬಿ ಬಿಚ್ಚಿ ಮೊಸರನ್ನ ತಿನ್ನುತ್ತಿದ್ದ. ಮಧ್ಯಾಹ್ನದ ಊಟ ಅದು! "ಬೆರಿಬೆರಿ, ಸ್ಕರ್ವಿ, ಮರಾಸ್ಮಸ್, ಎಲ್ಲ ಬಾಯಿಪಾಠ ಕಣೋ. ಯಾವ ವಿಟಮಿನ್ ಕಮ್ಮಿಯಾದರೆ ಏನಾಗುತ್ತೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳ್ತೀನಿ. ಒಂದು ಪ್ಲೇಟ್ ಬಿಸಿಬೇಳೆಬಾತಿನಲ್ಲಿ ಏನೆಷ್ಟಿದೆ ಅಂತ ಮಾತ್ರ ಪರೀಕ್ಷೆಯಲ್ಲಿ ಯಾರೂ ಕೇಳಲಿಲ್ಲ" ಅಂದ. ನಾನು ಡಬ್ಬಿ ಕಡೆ ನೋಡಿದೆ. ಅವನೂ ನೋಡಿದ. ಅವನಿಗೂ ಶುಗರ್ ಇದೆ.

ಇದೇ ನನ್ನ ಬಹಳ ದಿನದ ತಕರಾರು. ಊಟ ಸಾಲದೆ ಬರುವ ಕಾಯಿಲೆ ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತು. ಉಂಡು ಬರುವ ಕಾಯಿಲೆಯ ಪಾಠ ಅವರಿಗೆ ಯಾರೂ ಸರಿಯಾಗಿ ಮಾಡಲಿಲ್ಲ.

ಆ ವಿದ್ಯೆ ಹುಟ್ಟಿದ್ದೇ ಹಾಗೆ. 1890ರ ದಶಕ, ಜಾವಾ ದ್ವೀಪ. ಡಚ್ ಡಾಕ್ಟರ್ ಐಕ್‌ಮನ್ ಕೈಕಾಲಿನ ಶಕ್ತಿ ಕುಂದಿಸುವ ಬೆರಿಬೆರಿ ಕಾಯಿಲೆಯ ಬೆನ್ನು ಹತ್ತಿದ್ದರು. ಅವರ ಕೋಳಿಗಳು ಇದ್ದಕ್ಕಿದ್ದ ಹಾಗೆ ಕಾಲು ಎಳೆಯತೊಡಗಿದವು. ಸ್ವಲ್ಪ ದಿನಕ್ಕೆ ತಾವಾಗಿ ಸರಿಹೋದವು. ವಿಚಾರಿಸಿದರೆ ಗುಟ್ಟು ಅಡುಗೆಮನೆಯಲ್ಲಿತ್ತು. ಮಿಲಿಟರಿ ಆಸ್ಪತ್ರೆಯಲ್ಲಿ ಮಿಕ್ಕ ಪಾಲಿಶ್ ಅಕ್ಕಿಯ ಅನ್ನವನ್ನು ಕೋಳಿಗೆ ಹಾಕುತ್ತಿದ್ದರಂತೆ. ಹೊಸದಾಗಿ ಬಂದ ಅಡುಗೆಯವನು, ಮಿಲಿಟರಿ ಅನ್ನ ಸಿವಿಲ್ ಕೋಳಿಗೆ ಕೊಡೋಕಾಗಲ್ಲ ಅಂತ ನಿಲ್ಲಿಸಿದ. ತೌಡಿರುವ ಅಕ್ಕಿ ತಿಂದು ಕೋಳಿಗಳು ಎದ್ದು ನಿಂತವು. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು. ಅಡುಗೆಯವನಿಗೆ ಏನೂ ಬರಲಿಲ್ಲ ಬಿಡಿ.

ನಮ್ಮ ಪಕ್ಕದ ನೀಲಗಿರಿಯ ಕೂನೂರಿನಲ್ಲೂ 1918ರಲ್ಲಿ ಮೆಕ್‌ಕ್ಯಾರಿಸನ್ ಅನ್ನುವ ಡಾಕ್ಟರು ಒಂದೇ ಕೋಣೆಯಲ್ಲಿ ಬೆರಿಬೆರಿ ಸಂಶೋಧನೆ ಶುರು ಮಾಡಿದರು. ಮುಂದೆ ಇಲಿಗಳಿಗೆ ಬೇರೆ ಬೇರೆ ಪ್ರಾಂತ್ಯದ ಊಟ ಹಾಕಿ ಸಾಕಿದರು. ರೊಟ್ಟಿ, ಬೇಳೆ, ಹಾಲು, ತರಕಾರಿಯ ಪಂಜಾಬಿನ ಊಟ ತಿಂದ ಇಲಿಗಳು ಗಟ್ಟಿಮುಟ್ಟಾದವು. ಮದ್ರಾಸಿನ ಅನ್ನದ ಊಟ ತಿಂದವು ಸೊರಗಿದವು. ಆ ಕೋಣೆಯೇ ಬೆಳೆದು ಇವತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ನೋಡಿ, ಬಿಳಿ ಅಕ್ಕಿಯ ಮೇಲೆ ಮೊದಲು ದೂರು ಕೊಟ್ಟವರೂ ಡಾಕ್ಟರುಗಳೇ. ಆಮೇಲೆ ವಿಟಮಿನ್ ಮಾತ್ರೆ ಬಂತು, ತಟ್ಟೆ ಮರೆತುಹೋಯಿತು.

ಈಗ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿ ದಾಟಿದ್ದಾರೆ ಅನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಮೀಕ್ಷೆ ಮಾಡಿ 2023ರಲ್ಲಿ ಕೊಟ್ಟ ಲೆಕ್ಕ. ನಾವು ತಿನ್ನುವ ಕ್ಯಾಲೊರಿಯಲ್ಲಿ ಶೇ 62ರಷ್ಟು ಬರುವುದು ಅನ್ನ, ಹಿಟ್ಟು, ಸಕ್ಕರೆ ಥರದ ಕಾರ್ಬೋಹೈಡ್ರೇಟ್ ಪದಾರ್ಥಗಳಿಂದ ಎಂದೂ ಅದೇ ಸಮೀಕ್ಷೆ ಹೇಳುತ್ತದೆ. ಹೀಗಿದ್ದೂ ಆಸ್ಪತ್ರೆಯ ತಟ್ಟೆ ಹೇಗಿರುತ್ತೆ ಗೊತ್ತಾ? ನಮ್ಮ ಅತ್ತಿಗೆ ಹೋದ ವರ್ಷ ದೊಡ್ಡದೊಂದು ಆಸ್ಪತ್ರೆಯಲ್ಲಿದ್ದರು. ತಟ್ಟೆಯ ಮುಚ್ಚಳದ ಮೇಲೆ 'ಡಯಾಬಿಟಿಕ್' ಅಂತ ಹಸಿರು ಚೀಟಿ. ಒಳಗೆ ಉಪ್ಪಿಟ್ಟು, ಅದರ ಪಕ್ಕ ಒಂದು ಇಡ್ಲಿ, ಎರಡು ಬಿಸ್ಕತ್ತು, ಸಕ್ಕರೆ ಹಾಕದ ಕಾಫಿ. ಕಾಫಿಯೊಂದೇ ಪಥ್ಯ ಮಾಡುತ್ತಿತ್ತು.

ನಿಮ್ಮ ಮುದ್ದೆಗೆ ಬರೋಣ. ರಾಗಿಯಲ್ಲಿ ಸುಣ್ಣದ ಅಂಶ, ನಾರು ಎರಡೂ ಇವೆ, ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟು, ಅದೂ ಎರಡು ಮುದ್ದೆ! ಹೊಟ್ಟೆಗೆ ಹೋದ ಮೇಲೆ ಅದೂ ಸಕ್ಕರೆಯೇ ಆಗುತ್ತೆ. ಒಂದು ಚಿಕ್ಕ ಮುದ್ದೆ ಇಟ್ಟುಕೊಂಡು ಬಸ್ಸಾರಿನ ಪಲ್ಯ, ಮೊಳಕೆ ಕಾಳು ಜಾಸ್ತಿ ಬಡಿಸಿಕೊಳ್ಳಿ ಅಂತ ಹೇಳೋಕೆ ಅರ್ಧ ನಿಮಿಷ ಸಾಕಿತ್ತು. ನಿಮ್ಮ ಡಾಕ್ಟರು ಕೊಟ್ಟ ಹಾಳೆಯಲ್ಲಿ ಬಸ್ಸಾರು ಎಲ್ಲಿಂದ ಬರಬೇಕು, ಆ ಹಾಳೆ ತಿಪಟೂರನ್ನೇ ನೋಡಿಲ್ಲ. ಮಾತ್ರೆ ಕಂಪನಿಯ ರೆಪ್ ವಾರವಾರ ಬ್ಯಾಗ್ ಹಿಡಿದು ಕ್ಲಿನಿಕ್ಕಿಗೆ ಬರುತ್ತಾನೆ. ಹುರುಳಿಕಾಳಿನ ರೆಪ್ ಯಾವತ್ತಾದರೂ ಬಂದಿದ್ದಾನಾ?

ಬರೀ ನಮ್ಮೂರ ಕಥೆಯೂ ಅಲ್ಲ ಇದು. 1967ರಲ್ಲಿ ಅಮೆರಿಕದ ಹಾರ್ವರ್ಡ್ ವಿಜ್ಞಾನಿಗಳು ಹೃದ್ರೋಗದ ತಪ್ಪನ್ನು ಕೊಬ್ಬಿನ ತಲೆಗೆ ಕಟ್ಟಿ, ಸಕ್ಕರೆಯನ್ನು ಹಗುರವಾಗಿ ಬಿಟ್ಟು ಬರೆದರು. ಅದಕ್ಕೆ ದುಡ್ಡು ಕೊಟ್ಟಿದ್ದು ಸಕ್ಕರೆ ಉದ್ಯಮ ಅಂತ ಹೊರಬಿದ್ದಿದ್ದು 2016ರಲ್ಲಿ. ಅಷ್ಟು ಹೊತ್ತಿಗೆ ಎಷ್ಟು ಡಾಕ್ಟರುಗಳು ತುಪ್ಪ ಬೇಡ, ಬಿಸ್ಕತ್ತು ಪರವಾಗಿಲ್ಲ ಅಂದಿರಬೇಡ!

ಇನ್ನು ನಿಮ್ಮನ್ನು ಗದರಿಸುವ ಸರದಿ. ಮಾತ್ರೆ ಬಿಡುವ ಮಾತು ಬೇಡ. ಯೂಟ್ಯೂಬಿನವರು ಬ್ರಿಟನ್ನಿನ ಒಂದು ಅಧ್ಯಯನದ ಹೆಸರು ಹೇಳುತ್ತಿರುತ್ತಾರೆ. 2017ರ ಕೊನೆಗೆ ಪ್ರಕಟವಾದದ್ದು, ಹೆಸರು ಡೈರೆಕ್ಟ್. ದಿನಕ್ಕೆ ಸುಮಾರು 850 ಕ್ಯಾಲೊರಿಯ ಸೂಪು, ಶೇಕು ಮಾತ್ರ ಕುಡಿಸಿ, ಮೂರರಿಂದ ಐದು ತಿಂಗಳು ಕಟ್ಟುನಿಟ್ಟಾಗಿ ಇಟ್ಟರು. ವರ್ಷದ ಕೊನೆಗೆ ಶೇ 46ರಷ್ಟು ಜನರ ಸಕ್ಕರೆ ಮಾತ್ರೆಯಿಲ್ಲದೆ ಹತೋಟಿಗೆ ಬಂದಿತ್ತು. ಓದಿದಾಗ ನಾನೂ ಕುಣಿದೆ. ಆದರೆ ಅವರೆಲ್ಲ ಕಾಯಿಲೆ ಬಂದು ಆರು ವರ್ಷದೊಳಗಿನವರು, ಇನ್ಸುಲಿನ್ ತೆಗೆದುಕೊಳ್ಳದವರು. ಮಾತ್ರೆ ನಿಲ್ಲಿಸಿದ್ದು ಕ್ಲಿನಿಕ್ಕಿನವರ ಕಣ್ಣೆದುರು. ನಿಮಗೆ ಎಂಟು ವರ್ಷ, ಜೊತೆಗೆ ಬಿಪಿ. ನಮ್ಮ ಡಾಕ್ಟರುಗಳು ಗಮನಿಸಬೇಕಾದ್ದು ಬೇರೆಯಿದೆ: ಅಲ್ಲಿ ರೋಗಿಗಳ ಜೊತೆ ಕೂತು ಮಾತಾಡಿದ್ದು ನರ್ಸುಗಳು, ಡಯಟಿಷಿಯನ್ನುಗಳು. ಡಾಕ್ಟರಿಗೆ ಪುರುಸೊತ್ತಿಲ್ಲದಿದ್ದರೆ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಬಹುದಲ್ವಾ?

ಒಂದು ವಾರ ತಿಂದಿದ್ದನ್ನೆಲ್ಲ ಬರೆದಿಡಿ. ಊಟವಾಗಿ ಎರಡು ಗಂಟೆ ಕಳೆದ ಮೇಲೆ ಬಂದ ಸಕ್ಕರೆಯ ಲೆಕ್ಕವನ್ನೂ ಪಕ್ಕದಲ್ಲಿ ಬರೆಯಿರಿ. ಮುಂದಿನ ಸಲ ಆ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ಕೂತುಬಿಡಿ. ಬೆಲ್ ಒತ್ತಿದರೂ ಏಳಬೇಡಿ. ಮಕ್ಕಳನ್ನು ಅಷ್ಟು ವರ್ಷ ಕೂರಿಸಿದವರು ನೀವು, ನಿಮಗೇನು ಹೇಳಿಕೊಡೋದು.

ಇನ್ನು ನಮ್ಮ ಅಡುಗೆ ಪುಟದ ಬಗ್ಗೆ ಚುಚ್ಚಿದ್ದೀರಿ. ಉತ್ತರ ಕೊಡೋಣ ಅಂತ ಹಳೇ ಸಂಚಿಕೆಗಳನ್ನು ತೆಗೆಸಿ ನೋಡಿದೆ, ಸುಮ್ನೆ ಇಟ್ಟುಬಿಟ್ಟೆ. ದೀಪಾವಳಿ ವಿಶೇಷಾಂಕದ ಪುಟಗಳು ನಿನ್ನೆಯೇ ಪ್ರೆಸ್ಸಿಗೆ ಹೋದವು. ಒಂಬತ್ತು ಥರದ ಸಿಹಿ, ಹಿಂಬದಿ ಪುಟದಲ್ಲಿ ಬಿಸ್ಕತ್ತಿನ ಜಾಹೀರಾತು. ಹುರುಳಿಕಾಳು ಬಸ್ಸಾರನ್ನು ಡಿಸೆಂಬರಿನಲ್ಲಿ ಹಾಕುತ್ತೇವೆ, ಮಾಡುವ ವಿಧಾನ ನೀವೇ ಬರೆದು ಕಳಿಸಿ.